ಬಾಲಕ್ಕೊಂದು ಊರುಗೋಲು

ವಿರಾಜಪೇಟೆಯಲ್ಲಿ ಒಂದು ಮೊಬೈಲ್ ಅಂಗಡಿಯ ಮಹಡಿಯ ಮೇಲೆ ಈಗ ಏವಿಯೇಷನ್ ತರಗತಿ ನಡೆಯುತ್ತದೆ. ನಾನು ನಿವೃತ್ತಳಾದ ಮೇಲೆ ಒಂದು ದಿನ ಅಲ್ಲಿಗೆ ಕರೆದರು, ಮಕ್ಕಳಿಗೆ ಎರಡು ಮಾತು ಹೇಳಿ ಎಂದರು. ಹೋಗಿ ನೋಡಿದರೆ ಹುಡುಗಿಯರಿಗೆ ಕೊರಳಿಗೆ ಸ್ಕಾರ್ಫ್ ಕಟ್ಟುವುದನ್ನು ಕಲಿಸುತ್ತಿದ್ದರು. ಹುಡುಗರಿಗೆ ಹಲ್ಲು ಎಷ್ಟು ಕಾಣುವಂತೆ ನಗಬೇಕು ಎಂಬ ಪಾಠ. ಗೋಡೆಯ ಮೇಲೆ ಸಮುದ್ರ ದಾಟುವ ದೊಡ್ಡ ವಿಮಾನದ ಚಿತ್ರ. ‘ಸಾಮಾನು ತುಂಬುವುದು, ತೂಕ ಹಂಚುವುದು, ಇದನ್ನೆಲ್ಲ ಯಾವಾಗ ಕಲಿಸುತ್ತೀರಿ?’ ಎಂದು ಮೇಷ್ಟ್ರನ್ನು ಕೇಳಿದೆ. ‘ಅದು ಲೇಬರ್ ಕೆಲಸ ಮೇಡಂ’ ಎಂದರು. ಆಮೇಲೆ ನಾನು ಹೇಳಿದ ಎರಡು ಮಾತು ಅವರಿಗೆ ರುಚಿಸಲಿಲ್ಲ. ಮತ್ತೆ ಕರೆಯಲಿಲ್ಲ. ಅಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ರತ್ನಾವತಿ. ಕೆಲಸದಲ್ಲಿ ಎಲ್ಲರಿಗೂ ರತ್ನಕ್ಕ. ಬೆಂಗಳೂರಿನಲ್ಲಿ ದೊಡ್ಡ ಕಂಪನಿಗಳ ಕೌಂಟರ್‌ನಲ್ಲಿ ನಿಂತು, ಅವು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡು, ಕೊನೆಯ ಕೆಲವು ವರ್ಷ ಊರಿಗೆ ಹತ್ತಿರವೆಂದು ಘಾಟಿಯ ಕೆಳಗಿನ ವಿಮಾನ ನಿಲ್ದಾಣಕ್ಕೆ ಬಂದೆ. ನನ್ನ ಕಂಪನಿಯ ಹೆಸರು ಹೇಳುವುದಿಲ್ಲ. ಹೆಸರು ಹೇಳುವಷ್ಟು ದೊಡ್ಡದೂ ಅಲ್ಲ. ಒಂದೇ ವಿಮಾನ, ರೆಕ್ಕೆಗೊಂದೊಂದು ಫ್ಯಾನು. ಬೆಳಿಗ್ಗೆ ಬೆಂಗಳೂರಿನಿಂದ ಬರುವುದು, ಜನ ಇಳಿಸಿ ಜನ ಹತ್ತಿಸಿಕೊಂಡು ವಾಪಸು ಹೋಗುವುದು. ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಇಳಿಯುವ ಪ್ರಯಾಣ. ನಮ್ಮ ರೂಟಿನ ಬಸ್ಸಿಗೂ ಅದಕ್ಕೂ ಇದ್ದ ವ್ಯತ್ಯಾಸವೆಂದರೆ ಬಸ್ಸು ಹೇಳಿದ ದಿನ ಹೊರಡುತ್ತಿತ್ತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ಹಾಗೆ ನಮ್ಮ ಕಂಪನಿ. ಏಣಿ ತಳ್ಳುವವನ ಕೈಗೆ ಗ್ಲೌಸ್ ಇರಲಿಲ್ಲ. ಆದರೆ ನನ್ನ ಲಿಪ್‌ಸ್ಟಿಕ್ ಯಾವ ಬಣ್ಣದ್ದಿರಬೇಕು ಎಂದು ಹೆಡ್ ಆಫೀಸಿನಿಂದ ಸುತ್ತೋಲೆ ಬರುತ್ತಿತ್ತು. ಐವತ್ತು ದಾಟಿದ ಹೆಂಗಸಿಗೆ! ಸ್ಟಾಫ್ ವ್ಯಾನಿನಲ್ಲಿ ವಿರಾಜಪೇಟೆ ಬಿಟ್ಟು ಮಾಕುಟ್ಟದ ಕಾಡು ಇಳಿಯುವಾಗ ರಸ್ತೆಗೆ ಆನೆ ಬಂದರೆ ನಾವು ಸುಮ್ಮನೆ ಲೈಟ್ ಆರಿಸಿ ಕಾಯಬೇಕು. ‘ಆನೆ ನಿಂತಿದೆ, ತಡವಾಗುತ್ತದೆ’ ಎಂದು ಫೋನು ಮಾಡಿದರೆ ‘ಎಷ್ಟು ಹೊತ್ತಿಗೆ ಹೋಗುತ್ತದೆ, ವಿಚಾರಿಸಿ ತಿಳಿಸಿ’ ಎನ್ನುತ್ತಿದ್ದರು. ಯಾರನ್ನು ವಿಚಾರಿಸುವುದು, ಆನೆಯನ್ನಾ?

ನಮ್ಮ ಜನವೇನು ಕಡಿಮೆಯಲ್ಲ. ಕೋಟಿನ ಜೇಬಿನಲ್ಲಿ ಯಾವ ಕಾಲದ್ದೋ ಒಂದು ತೋಟಾ ಇಟ್ಟುಕೊಂಡು ಸೆಕ್ಯೂರಿಟಿಗೆ ಬರುವವರು ಆಗಾಗ ಇದ್ದೇ ಇರುತ್ತಿದ್ದರು. ಅತ್ತ ಮೆಷಿನ್ ಕಿರುಚುವುದು, ಇತ್ತ ಇವರು ‘ಓ, ಇದು ಇಲ್ಲುಂಟಾ! ಮನೆಯಲ್ಲೆಲ್ಲ ಹುಡುಕಿದ್ದೆ’ ಎಂದು ಸಂತೋಷಪಡುವುದು. ಕೋವಿ ನಮ್ಮಲ್ಲಿ ಮನೆಯ ಸಾಮಾನು ಎಂದು ಬಿಹಾರದ ಜವಾನನಿಗೆ ನಾನು ಹಿಂದಿಯಲ್ಲಿ ಹೇಳಿ ಹೇಳಿ ಸುಸ್ತಾಗಿದ್ದೆ. ನಾಪೋಕ್ಲುವಿನ ಒಬ್ಬ ಅಜ್ಜಿ ಕಾಚಂಪುಳಿಯ ಬಾಟಲಿ ಕೈಚೀಲದಲ್ಲಿ ತಂದಿದ್ದರು. ದ್ರವ ಒಯ್ಯುವಂತಿಲ್ಲ ಎಂದರೆ ‘ಇದು ದ್ರವ ಅಲ್ಲ ಮಗಾ, ಹುಳಿ’ ಎಂದು ವಾದ. ಕೊನೆಗೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ‘ನೀನೇ ಹಂದಿಗೆ ಹಾಕಿ ತಿನ್ನು, ಇವನಿಗೆ ಮಾತ್ರ ಕೊಡಬೇಡ’ ಎಂದು ಜವಾನನ ಕಡೆ ಬೆರಳು ತೋರಿಸಿ ಹೋದರು. ನಾನು ಹಂದಿ ತಿನ್ನುವುದಿಲ್ಲ. ಬಾಟಲಿ ನಮ್ಮಲ್ಲಿ ಸಾಮಾನು ತುಂಬಿಸುವ ರಾಘವನ್ ಮನೆಗೆ ಹೋಯಿತು.

ನಾನು ಹೇಳಬೇಕೆಂದಿರುವುದು ಈ ರಾಘವನ್ ವಿಷಯ. ಒಂದು ಬೆಳಗಿನ ಘಟನೆಯಿಂದ ಅವನ ಕೊರಳಿನ ಪಾಸ್ ಹೋಗುವುದರಲ್ಲಿತ್ತು. ಪಾಸ್ ಎಂದರೆ ಏನೆಂದು ಆ ಮಹಡಿಯ ಮಕ್ಕಳಿಗೆ ಗೊತ್ತಿರಲಿಲ್ಲ, ಸೆಲ್ಫಿಗೆ ಚೆಂದ ಕಾಣುತ್ತದೆ ಎಂದಷ್ಟೇ ಗೊತ್ತಿತ್ತು. ರನ್‌ವೇ ಕಡೆಯ ಗೇಟು ತೆರೆಯುವುದು ಆ ಕಾರ್ಡಿಗೆ. ಒಮ್ಮೆ ತಪ್ಪಿನ ಮೇಲೆ ಕಿತ್ತುಕೊಂಡರೆ ಬೇರೆ ಯಾವ ವಿಮಾನ ನಿಲ್ದಾಣವೂ ನಿಮ್ಮನ್ನು ಒಳಗೆ ಬಿಡುವುದಿಲ್ಲ. ರಾಘವನ್ ಮಾಕುಟ್ಟದ ಆಚೆಯ ಮಲಯಾಳಿ. ಪ್ರಾಯವೆಲ್ಲ ಗಲ್ಫಿನಲ್ಲಿ ವಿಮಾನಗಳ ಹೊಟ್ಟೆಗೆ ಪೆಟ್ಟಿಗೆ ತುಂಬಿ ಬಂದವನು, ಬೇರೆ ಕೆಲಸ ತಿಳಿಯದು. ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ. ವಿಮಾನ ನಿಂತ ಕೂಡಲೇ ಚಕ್ರಕ್ಕೆ ಅಡ್ಡ ಇಡುವುದು, ಸಾಮಾನು ತುಂಬಿಸುವುದು, ಬಾಲಕ್ಕೆ ಕೋಲು ಕೊಡುವುದು, ಎಲ್ಲ ಅವನ ತಂಡದ ಪಾಲಿಗೆ.

ಈ ಕೋಲಿನ ಮಾತು ತಿಳಿದಿರಲಿ. ನಮ್ಮ ಜಾತಿಯ ವಿಮಾನಕ್ಕೆ ಬಾಗಿಲು ಹಿಂದೆ. ಸಾಮಾನಿನ ಗೂಡೂ ಬಾಗಿಲ ಪಕ್ಕದಲ್ಲೇ. ಮುಂದೆ ಖಾಲಿ ಇದ್ದು ಹಿಂದೆ ಭಾರವಾದರೆ ನೊಗ ಬಿಟ್ಟ ಗಾಡಿಯ ಹಾಗೆ ಮೂತಿ ಮೇಲಾಗುತ್ತದೆ. ಅದಕ್ಕೇ ಜನ ಹತ್ತಿ ಇಳಿಯುವಾಗ ಬಾಲದ ಕೆಳಗೆ ಒಂದು ಕಬ್ಬಿಣದ ಊರುಗೋಲು ಕೊಡಬೇಕು. ಇಷ್ಟೇ. ಇದನ್ನು ತಿಳಿಯಲು ಯಾವ ಡಿಗ್ರಿಯೂ ಬೇಡ. ನಮ್ಮ ಸ್ಟೇಷನ್ ಮ್ಯಾನೇಜರ್ ಕಾರ್ತಿಕ್ ಸರ್‌ಗೂ ಇದು ಚೆನ್ನಾಗಿಯೇ ಗೊತ್ತಿತ್ತು.

ಕಾರ್ತಿಕ್ ಸರ್ ಬೆಂಗಳೂರಿನವರು. ನಿಮಿಷಗಳ ಭಕ್ತರು. ವಿಮಾನ ನೆಲದ ಮೇಲೆ ಎಷ್ಟು ಕಡಿಮೆ ಹೊತ್ತು ನಿಂತರೆ ಹೆಡ್ ಆಫೀಸಿನಲ್ಲಿ ಅವರಿಗೆ ಅಷ್ಟು ಹೆಸರು. ಎಲ್ಲಿ ನಿಮಿಷ ಕದಿಯಬಹುದು ಎಂದು ಹುಡುಕುತ್ತಾ ಹೋಗಿ ಅವರು ಕೋಲಿನ ಹತ್ತಿರ ಬಂದು ನಿಂತರು. ಕೊಡಲೊಂದಿಷ್ಟು ಹೊತ್ತು, ತೆಗೆಯಲೊಂದಿಷ್ಟು ಹೊತ್ತು. ‘ಮುಂದಿನ ಸಾಲಿನವರನ್ನು ಮೊದಲು ಹತ್ತಿಸಿದರೆ ಆಯ್ತಲ್ಲ, ಕೋಲು ಯಾಕೆ ಬೇಕು?’ ಎಂದು ಅದನ್ನು ಸ್ಟೋರಿನಲ್ಲಿಡಿಸಿ ಬೀಗದ ಕೈ ತಾವೇ ಇಟ್ಟುಕೊಂಡರು. ‘ಆರ್ಡರ್ ಬರೆದು ಕೊಡಿ ಸರ್’ ಎಂದೆ. ‘ಎಲ್ಲಾದಕ್ಕೂ ಪೇಪರ್ ಕೇಳ್ತೀರಲ್ಲ ರತ್ನಕ್ಕ, ನನ್ ಮೇಲೆ ನಂಬಿಕೆ ಇಲ್ವಾ?’ ಎಂದರು. ಇರಲಿಲ್ಲ. ಹಾಗೆಯೇ ಹೇಳಿದೆ. ನಕ್ಕರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ.

ಸ್ವಲ್ಪ ದಿನ ಏನೂ ಆಗಲಿಲ್ಲ. ಏನೂ ಆಗದ್ದನ್ನೇ ಅವರು ತಮ್ಮ ಬುದ್ಧಿವಂತಿಕೆಗೆ ಸಾಕ್ಷಿ ಎಂದುಕೊಂಡರು.

ಆಮೇಲೆ ಮಂದಣ್ಣಜ್ಜನ ಒಕ್ಕ ಬಂತು. ಒಕ್ಕ ಎಂದರೆ ಕೊಡವರಲ್ಲಿ ಒಂದು ಮನೆತನದ ಎಲ್ಲರೂ. ಮಂದಣ್ಣಜ್ಜ ಅದರ ಪಟ್ಟೆದಾರರು, ಎಲ್ಲರಿಗಿಂತ ಹಿರಿಯರು, ಸ್ವಂತ ಮಕ್ಕಳ ಬಾಯಲ್ಲೂ ಅಜ್ಜನೇ. ಸಂಜೆ ಬೆಂಗಳೂರಿನಲ್ಲಿ ಮೊಮ್ಮಗನ ಮದುವೆಯ ದಂಪತಿ ಮುಹೂರ್ತ, ಮೊದಲು ಅಕ್ಕಿ ಹಾಕಿ ಹರಸಬೇಕಾದವರು ಅವರು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಂದು ಮೂವತ್ತರ ಸುಮಾರು ಜನ. ಎಲ್ಲರಿಗೂ ಮುಂದಿನ ಸಾಲುಗಳಲ್ಲೇ ಸೀಟು. ಕಾರ್ತಿಕ್ ಸರ್ ಲೆಕ್ಕಕ್ಕೆ ಸರಿಯಾಗಿತ್ತು. ಅವರನ್ನೇ ಮೊದಲು ಬಿಟ್ಟರು. ಅಜ್ಜನಿಗೆ ವೀಲ್‌ಚೇರ್ ತಂದರೆ ‘ನಾನೆಂತ ಹೆಣವಾ?’ ಎಂದು ಅದನ್ನು ದೊಣ್ಣೆಯಿಂದ ಆಚೆ ತಳ್ಳಿ ನಿಧಾನಕ್ಕೆ ನಡೆದರು. ಕಾರ್ತಿಕ್ ಸರ್‌ಗೆ ತಡೆಯಲಿಲ್ಲ. ಉಳಿದವರಿಗೆ ‘ನೀವು ಹೋಗಿ, ಹೋಗಿ, ಅಜ್ಜ ಬರ್ತಾರೆ’ ಎಂದು ಅವಸರ ಮಾಡಿ ಒಳಗೆ ಕಳಿಸಿದರು. ಸಾಮಾನಿನ ಗೂಡು ಆಗಲೇ ಮದುವೆಯ ಪೆಟ್ಟಿಗೆಗಳಿಂದ ತುಂಬಿತ್ತು.

ಒಳಗೆ ಹೋದವರು ಕೂತರೇ? ಮನೆಯ ಹಿರಿಯ ಇನ್ನೂ ಅಂಗಳದಲ್ಲಿ ನಿಂತಿರುವಾಗ ಒಳಗೆ ಯಾರಾದರೂ ಕೂರುತ್ತಾರಾ? ಬಾಗಿಲ ಬಳಿಯೇ ಗುಂಪಾಗಿ ನಿಂತರು. ಗಗನಸಖಿ ಇಂಗ್ಲಿಷಿನಲ್ಲಿ ಬೇಡಿದಳು, ಹಿಂದಿಯಲ್ಲಿ ಬೇಡಿದಳು. ಎಲ್ಲರದೂ ಒಂದೇ ಉತ್ತರ, ‘ಅಜ್ಜ ಬರ್ಲಿ.’

ಅಜ್ಜ ಕೆಳಗೆ ಮೆಟ್ಟಿಲ ಹತ್ತಿರ ನಿಂತು ವಿಮಾನದ ಬಾಲ ನೋಡುತ್ತಿದ್ದರು. ನಾನು ಅವರ ತೋಳು ಹಿಡಿದಿದ್ದೆ.

‘ಎಂತ ಮಾರಾಯ, ಹೋದ ಸಲ ಇದ್ರ ಹಿಂದಕ್ಕೆ ಒಂದು ಕೋಲು ಕೊಟ್ಟಿದ್ರಿ. ಈ ಸಲ ಕಾಣುದಿಲ್ಲ?’ ಎಂದು ರಾಘವನ್‌ನನ್ನು ಕೇಳಿದರು.

‘ಸ್ಟೋರಿನಲ್ಲಿ ಉಂಟು ಅಜ್ಜ. ಬೀಗ ಹಾಕಿದ್ದಾರೆ’ ಎಂದ ರಾಘವನ್.

ಫೋನಿನಲ್ಲಿದ್ದ ಕಾರ್ತಿಕ್ ಸರ್ ತಿರುಗಿ ಗದರಿದರು: ‘ಅಜ್ಜಾ, ಇದು ಎತ್ತಿನಗಾಡಿ ಅಲ್ಲ. ಕೋಲು ಬೇಡ ಅಂತ ನಾನೇ ಹೇಳಿರೋದು. ನೀವು ಬೇಗ ಹತ್ತಿ, ನಿಮ್ಮಿಂದ ಲೇಟಾಗ್ತಿದೆ.’

ಬಾಗಿಲಲ್ಲಿ ನಿಂತಿದ್ದವರೆಲ್ಲ ಅದನ್ನು ಕೇಳಿದರು. ತಮ್ಮ ಪಟ್ಟೆದಾರನಿಗೆ ಒಬ್ಬ ಗದರಿದ್ದು ಕೇಳಿ ಏನಾಯಿತೆಂದು ನೋಡಲು ಮುಂದೆ ಇದ್ದ ನಾಲ್ಕು ಜನವೂ ಹಿಂದಕ್ಕೆ ನುಗ್ಗಿದರು. ಅಷ್ಟೇ ಸಾಕಾಯಿತು. ಮುಂದಿನ ಚಕ್ರದ ಕಾಲು ಉದ್ದವಾಗುತ್ತಾ ಬಂತು. ಮೆಟ್ಟಿಲು ನೆಲಕ್ಕೆ ಒತ್ತಿ ಕಿರ್ರೆಂದಿತು. ‘ಮುಂದೆ! ಮುಂದೆ ಹೋಗಿ!’ ಎಂದು ರಾಘವನ್ ಕಿರುಚಿದ. ಒಳಗೆ ಗಲಾಟೆಯೋ ಗಲಾಟೆ, ಯಾರಿಗೆ ಕೇಳಬೇಕು? ಮೂತಿ ಮೇಲೆದ್ದಿತು, ಬಾಲ ಹೋಗಿ ಕಾಂಕ್ರೀಟಿಗೆ ಕೂತಿತು. ಅಜ್ಜ ದೊಣ್ಣೆ ಎತ್ತಿ ಕೊಡವ ಭಾಷೆಯಲ್ಲಿ ಒಮ್ಮೆ ಗುಡುಗಿದರು. ಕನ್ನಡದಲ್ಲಿ ಹೇಳುವುದಾದರೆ, ‘ಮುಂದೆ ಹೋಗಿ ಕೂರಿ, ಕತ್ತೆಗಳಾ!’ ಎರಡು ಭಾಷೆಯ ಗಗನಸಖಿಯಿಂದ ಆಗದ್ದು ಆಯಿತು. ಇಡೀ ಒಕ್ಕ ಬಗ್ಗಿಕೊಂಡು ಮುಂದಕ್ಕೆ ಓಡಿತು, ಮೂತಿ ದೊಪ್ಪೆಂದು ಕೆಳಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮೆಟ್ಟಿಲು ಸೊಟ್ಟಗಾಗಿತ್ತು, ಬಾಲದ ಅಡಿ ಕೆತ್ತಿಹೋಗಿತ್ತು.

ಆ ದಿನದ ವಿಮಾನ ರದ್ದು. ‘ಹವಾಮಾನ ಸರಿ ಇಲ್ಲ ಅಂತ ಅನೌನ್ಸ್ ಮಾಡಿ’ ಎಂದರು ಕಾರ್ತಿಕ್ ಸರ್. ನಮ್ಮಲ್ಲಿ ಪೈಲಟ್ ಬಾರದಿದ್ದರೂ ಹವಾಮಾನ, ಟೈರು ಸವೆದರೂ ಹವಾಮಾನ. ಹೊರಗೆ ಒಂದು ತುಂಡು ಮೋಡವಿರಲಿಲ್ಲ. ಮೈಕನ್ನು ಅವರ ಕೈಗೇ ಕೊಟ್ಟೆ. ಅವರೇ ಹೇಳಿದರು. ಜನ ಕಿಟಕಿಯ ಬಿಸಿಲು ನೋಡಿ, ಇವರ ಮುಖ ನೋಡಿ, ಜೋರಾಗಿ ನಕ್ಕರು. ಮಂದಣ್ಣಜ್ಜ ಮಾತ್ರ ನಗಲಿಲ್ಲ. ಒಕ್ಕದವರು ಪೆಟ್ಟಿಗೆ ಇಳಿಸಿಕೊಂಡು ಜೀಪು ಮಾಡಿಕೊಂಡು ಹೊರಟದ್ದೇ ಮಧ್ಯಾಹ್ನ ಕಳೆದ ಮೇಲೆ, ಬೆಂಗಳೂರು ಸೇರುವಾಗ ಮದುವೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ.

ಸಂಜೆಯೊಳಗೆ ರಾಘವನ್‌ನ ಪಾಸ್ ತೆಗೆದುಕೊಂಡರು. ಕೋಲು ಕೊಡಲು ಅವನು ಮರೆತನೆಂದು ಕಾರ್ತಿಕ್ ಸರ್ ಹೇಳಿಕೆ. ಸ್ಟೋರಿನ ಬೀಗ ಅಷ್ಟರಲ್ಲಿ ಮಾಯವಾಗಿತ್ತು, ಬಾಗಿಲು ಹಾರು ಹೊಡೆದಿತ್ತು. ರಾಘವನ್ ಗೇಟಿನ ಹೊರಗೆ ಬೇಲಿಯ ಕಂಬಿ ಹಿಡಿದು ನಿಂತಿದ್ದ.

‘ಚೇಚಿ, ನಾನು ಮರೆತದ್ದಲ್ಲ ಅಂತ ನಿಮಗೆ ಗೊತ್ತುಂಟಲ್ಲ?’

‘ಗೊತ್ತುಂಟು. ಅಳಬೇಡ, ಎಲ್ಲರೂ ನೋಡ್ತಾರೆ’ ಎಂದು ಬೈದೆ. ಅಳುತ್ತಿದ್ದವಳು ನಾನು.

ಹೆಡ್ ಆಫೀಸಿನಿಂದ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಮೊದಲು ನಾನು ಕಂಡದ್ದು, ಕೇಳಿದ್ದು ಎಲ್ಲ ಹೇಳಿದೆ. ಅವರು ಪೆನ್ನು ತಿರುಗಿಸುತ್ತಾ ಕೂತಿದ್ದರು. ‘ಲಿಖಿತ ಆದೇಶ ಇದೆಯೇ?’ ಇಲ್ಲ. ‘ನಿಮಗೂ ಮ್ಯಾನೇಜರಿಗೂ ಮೊದಲೇ ಸರಿಯಿಲ್ಲವಂತೆ?’ ಹೌದು. ‘ಸದ್ಯದಲ್ಲೇ ರಿಟೈರ್ ಆಗುತ್ತೀರಂತೆ?’ ಅದೂ ಹೌದು. ನನ್ನ ಮಾತಿನ ಬೆಲೆ ಅಲ್ಲಿಗೆ ಮುಗಿಯಿತು. ರಾಘವನ್‌ನ ತಂಡದ ಹುಡುಗರು ‘ನಾವು ಆಚೆ ಕಡೆ ಇದ್ದೆವು’ ಎಂದು ಜಾರಿಕೊಂಡರು. ಅವರನ್ನು ದೂರುವುದಿಲ್ಲ, ಅವರಿಗೂ ಕೊರಳಲ್ಲಿ ಪಾಸ್ ಇತ್ತು. ಇನ್ನು ಉಳಿದದ್ದು ಆ ಗದರಿಕೆಯನ್ನು ಕಿವಿಯಾರೆ ಕೇಳಿದ ಪ್ರಯಾಣಿಕರು. ಮಂದಣ್ಣಜ್ಜನಿಗೆ ಫೋನು ಮಾಡಿದೆ. ‘ಬರ್ತೇವೆ’ ಎಂದರು. ಮಾತಿಗೆ ತಪ್ಪದೆ ಇಡೀ ಒಕ್ಕ ಜೀಪುಗಳಲ್ಲಿ ಘಾಟಿ ಇಳಿದು ಬಂತು.

ಅಜ್ಜ ಒಳಗೆ ಹೋಗಿ, ಎಲ್ಲರ ಮುಂದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನಗೆ ಜೀವ ಬಂದಂತಾಯಿತು. ಆಮೇಲೆ ಅಧಿಕಾರಿ ಉಳಿದವರನ್ನು ಒಬ್ಬೊಬ್ಬರಾಗಿ ಕೇಳತೊಡಗಿದರು. ದೊಡ್ಡ ಮಗ ಎದ್ದು ‘ಅಜ್ಜ ಹೇಳಿದ್ದಾರಲ್ಲ, ಅದೇ’ ಎಂದು ಕೂತ. ಅವನ ಹೆಂಡತಿ ‘ಅಜ್ಜ ಹೇಳಿದ್ದೇ’ ಎಂದಳು. ಕಾಲೇಜು ಓದುವ ಮೊಮ್ಮಗನೂ ‘ಅಜ್ಜ ಹೇಳಿದ್ರಲ್ಲ’ ಎಂದ. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ‘ಚೆನ್ನಾಗಿ ಹೇಳಿಕೊಟ್ಟಿದ್ದೀರಿ’ ಎಂದು ನನ್ನ ಕಡೆ ನೋಡಿದರು. ಕಾರ್ತಿಕ್ ಸರ್ ಎಷ್ಟು ಹಲ್ಲು ಕಾಣಬೇಕೋ ಅಷ್ಟೂ ಕಾಣುವಂತೆ ನಕ್ಕರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾರ್ತಿಕ್ ಮೇಲಲ್ಲ, ಈ ಒಕ್ಕದ ಮೇಲೆ. ವಿಮಾನದಲ್ಲಿ ಕೂರಿ ಎಂದರೆ ಅಜ್ಜ ಬರಲಿ, ಇಲ್ಲಿ ಮಾತಾಡಿ ಎಂದರೆ ಅಜ್ಜ ಹೇಳಿದ್ದಾರೆ! ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜನ ಹತ್ತಿರ ಹೋದೆ.

‘ಅಜ್ಜ, ನಿಮ್ಮ ಮಕ್ಕಳು ಬಾಯಿ ಬಿಡ್ತಾ ಇಲ್ಲ.’

‘ನಾನು ಹೇಳಿದ ಮೇಲೆ ಅವ್ರು ಇನ್ನೆಂತ ಹೇಳುದು? ನನ್ನ ಮಾತು ಸಾಲದಾ?’

‘ಸಾಲದು ಅಜ್ಜ.’

ಹಾಗೆಂದು ಅವರಿಗೆ ಯಾರೂ ಹೇಳಿದ್ದಿರಲಿಕ್ಕಿಲ್ಲ. ದೊಣ್ಣೆ ಹಿಡಿದ ಕೈ ಬಿಗಿಯಾಯಿತು. ಹೊಡೆದರೆ ಹೊಡೆಯಲಿ ಎಂದುಕೊಂಡು ಮುಂದುವರಿಸಿದೆ. ‘ಅವ್ರು ಮೂವತ್ತು ಜನ ಹೇಳಿದ್ರೂ ಅದು ನಿಮ್ಮ ಒಂದು ಮಾತೇ ಆಗ್ತದೆ. ಕಾಯಿ ಒಂದೇ, ಒಡೆದದ್ದು ಮಾತ್ರ ಮೂವತ್ತು ಸಲ. ಅವ್ರು ಕಂಡದ್ದನ್ನು ಅವ್ರೇ ಹೇಳ್ಬೇಕು. ಇಲ್ಲದಿದ್ರೆ ರಾಘವನ್ ಇವತ್ತಿಗೆ ಮುಗಿದ.’

ಗೇಟಿನ ಹೊರಗೆ ರಾಘವನ್ ನಿಂತಿದ್ದ. ಅಜ್ಜ ಅವನ ಕಡೆ ನೋಡಿದರು. ಆಮೇಲೆ ನನ್ನ ಹೆಗಲು ಊರಿಕೊಂಡು ಎದ್ದು ಒಳಗೆ ಹೋದರು. ಒಕ್ಕವೆಲ್ಲ ಎದ್ದು ನಿಂತಿತು.

‘ನಾನು ಸತ್ತಿದ್ದೇನೆ ಅಂತ ಎಣಿಸಿ ಮಾತಾಡಿ’ ಎಂದರು.

ಹೆಂಗಸರು ಅಯ್ಯೋ ಎಂದು ಬಾಯಿಗೆ ಕೈ ಇಟ್ಟರು. ಮಗ ‘ಅಂಥ ಮಾತು ಬೇಡ’ ಎಂದು ಕಾಲು ಮುಟ್ಟಲು ಬಗ್ಗಿದ. ಅಜ್ಜ ಕಾಲು ಹಿಂದಕ್ಕೆಳೆದುಕೊಂಡರು. ಹೊರಗೆ ಹೋಗಿ ಜೀಪಿನಲ್ಲಿ ಕೂತು ಗಾಜು ಏರಿಸಿಕೊಂಡರು.

ಮೊದಲು ಬಾಯಿ ತೆರೆದದ್ದು ಕಿರಿಯ ಸೊಸೆ. ಆಮೇಲೆ ನಿಲ್ಲಿಸುವವರೇ ಇರಲಿಲ್ಲ. ಮ್ಯಾನೇಜರ ಅಂಗಿ ನೀಲಿ ಎಂದು ಒಬ್ಬ, ಬಿಳಿ ಎಂದು ಇನ್ನೊಬ್ಬ. ಮೂತಿ ಮಂಡಿಯೆತ್ತರ ಎದ್ದಿತು ಎಂದರೆ ಇಲ್ಲ ಆಳೆತ್ತರ ಎಂದು ಜಗಳ. ಅಧಿಕಾರಿ ತಬ್ಬಿಬ್ಬಾದರು. ಆದರೆ ‘ಕೋಲು ಬೇಡ ಅಂತ ನಾನೇ ಹೇಳಿರೋದು’ ಎಂಬ ಆ ಒಂದು ಮಾತಿನಲ್ಲಿ ಒಬ್ಬರಿಗೂ ಒಬ್ಬರಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಧಿಕಾರಿಯ ಅನುಮಾನ ಕಳೆದದ್ದು ಮಾತ್ರ ಸೊಸೆಯ ಕೊನೆಯ ಮಾತಿನಿಂದ. ‘ತಪ್ಪು ನಮ್ಮದೂ ಉಂಟು ಸರ್. ಅಜ್ಜ ವೀಲ್‌ಚೇರ್‌ನಲ್ಲಿ ಕೂತು ಬೇಗ ಬಂದಿದ್ರೆ ನಾವು ಹಾಗೆ ನಿಲ್ತಾನೇ ಇರ್ಲಿಲ್ಲ. ಅವ್ರಿಗೆ ಹಟ ಜಾಸ್ತಿ’ ಎಂದಳು. ಅವಳ ಗಂಡನ ಮುಖ ಬಿಳುಚಿತು. ಹೇಳಿಕೊಟ್ಟ ಸಾಕ್ಷಿಯಾದರೆ ಇದನ್ನು ಯಾರು ಹೇಳಿಕೊಡುತ್ತಾರೆ? ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಜೀಪಿನ ಹತ್ತಿರ ಹೋದೆ. ಅಜ್ಜ ಗಾಜು ಇಳಿಸಿದರು.

‘ಹೇಳಿದ್ರಾ?’

‘ಹೇಳಿದ್ರು ಅಜ್ಜ.’

‘ನನ್ನ ಮೇಲೂ ಹೇಳಿದ್ರಾ?’

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ‘ಹೇಳಿದ್ರು’ ಎಂದೆ. ಅಜ್ಜ ಗಾಜು ಮತ್ತೆ ಏರಿಸಿಕೊಂಡರು. ಅದನ್ನು ಕಂಡು ನನಗೆ ಸಂಕಟವಾಯಿತು.

ರಾಘವನ್‌ಗೆ ಪಾಸ್ ವಾಪಸು ಬಂತು. ಕಾರ್ತಿಕ್ ಸರ್‌ಗೆ ಏನು ಶಿಕ್ಷೆಯಾಯಿತು ಎಂದು ಮಹಡಿಯ ಮಕ್ಕಳು ಕೇಳಿದ್ದರು. ದೊಡ್ಡ ಊರಿಗೆ ವರ್ಗವಾಯಿತು. ಅಲ್ಲಿ ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತಾರಂತೆ. ನಮ್ಮ ಉದ್ಯಮದಲ್ಲಿ ಮೇಲೆ ಹೋಗುವುದು ವಿಮಾನ ಮಾತ್ರ ಎಂದುಕೊಂಡವರು ಕೆಲಸಕ್ಕೆ ಸೇರುವ ಮೊದಲು ಇನ್ನೊಮ್ಮೆ ಯೋಚಿಸಿ.

ಹೊಸ ಮ್ಯಾನೇಜರ್ ಇನ್ನೂ ಬಂದಿರಲಿಲ್ಲ. ರಾಘವನ್ ಕೆಲಸಕ್ಕೆ ಮರಳಿದ ಬೆಳಿಗ್ಗೆ ವಿಮಾನ ಬಂದು ನಿಂತಿತು. ಅವನು ಬಾಲದ ಹತ್ತಿರ ಹೋಗಿ ಸುಮ್ಮನೆ ನಿಂತ. ಕೋಲು ತೆರೆದ ಸ್ಟೋರಿನಲ್ಲೇ ಇತ್ತು, ತರಲಿಲ್ಲ. ‘ತಾ’ ಎಂದೆ. ‘ಯಾರಾದ್ರೂ ಕೇಳಿದ್ರೆ?’ ಎಂದ. ಗಲ್ಫಿನ ಮರಳುಗಾಳಿಯಲ್ಲಿ ಕೆಲಸ ಮಾಡಿದವನು, ತನ್ನ ಕೆಲಸ ಮಾಡಲು ಹೆದರುತ್ತಿದ್ದ. ಹೀಗೆ ಮಾಡಿಟ್ಟಿದ್ದರು ಅವನನ್ನು. ‘ತಾ’ ಎಂದು ಮತ್ತೊಮ್ಮೆ ಹೇಳಿದೆ. ತಂದ, ಕೊಟ್ಟ. ಜನ ಇಳಿದರು, ಜನ ಹತ್ತಿದರು. ವಿಮಾನ ತಡವಾಗಿ ಹೊರಟಿತು. ಅದು ರನ್‌ವೇ ಬಿಡುವ ಮೊದಲೇ ಹೆಡ್ ಆಫೀಸಿನ ಫೋನು.

‘ಯಾಕೆ ಲೇಟು?’

‘ಬಾಲಕ್ಕೆ ಕೋಲು ಕೊಟ್ಟಿದ್ದೆವು ಸರ್.’

‘ಕೊಡಿ ಅಂತ ಯಾರು ಹೇಳಿದ್ದು?’

ರಾಘವನ್ ಕೋಲನ್ನು ಹೆಗಲ ಮೇಲೆ ಹೊತ್ತು ನನ್ನನ್ನೇ ನೋಡುತ್ತಾ ನಿಂತಿದ್ದ. ಫೋನಿನ ಆಚೆಯವರಿಗೂ ಕೇಳಲಿ, ಇವನಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ:

‘ನಾನು ಹೇಳಿದ್ದು. ರತ್ನಾವತಿ. ಬರ್ಕೊಳ್ಳಿ.’